ಕತ್ತಿಯ ಕುಲಗೋತ್ರ

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಎಂ. ಎಚ್. ಕೃಷ್ಣರವರ ಪರಿಶ್ರಮದಿಂದ ವಿದ್ವಲ್ಲೋಕಕ್ಕೆ ಪರಿಚಿತವಾದ, ಕನ್ನಡದ ಪ್ರಾಚೀನ ಶಾಸನಗಳಲ್ಲಿ ಅಗ್ರಗಣ್ಯವೆಂದು ನಾವೆಲ್ಲ ಶಾಲೆಯ ಪಾಠದಲ್ಲಿ ಓದಿ ಬಂದಿರುವ ಆ ಶಿಲಾಲೇಖವು ಯಾವ ಸಂಗತಿಯನ್ನು ಹೇಳಲು ಹುಟ್ಟಿತೆಂಬುದನ್ನು ನೆನಪಿಟ್ಟವರು ಕಡಮೆ. ಅದು ದೇವಾಲಯವನ್ನು ಕಟ್ಟಿಸಿದ ವೃತ್ತಾಂತವಲ್ಲ, ಕೆರೆಯನ್ನು ತೋಡಿಸಿದ ಪುಣ್ಯಕಾರ್ಯದ ವಿವರವೂ ಅಲ್ಲ. ಯುದ್ಧದಲ್ಲಿ ಪರಾಕ್ರಮವನ್ನು ಮೆರೆದ ವಿಜ ಅರಸನೆಂಬ ವೀರನಿಗೆ, ಅವನ ನೆತ್ತರು ಹತ್ತಿದ ಖಡ್ಗವನ್ನು ತೊಳೆಯುವ ಸಮ್ಮಾನದ ಪೂರ್ವಕವಾಗಿ ಪಲ್ಮಿಡಿ ಮತ್ತು ಮೂಳಿವಳ್ಳಿಗಳೆಂಬ ಎರಡು ಊರುಗಳನ್ನು ದತ್ತಿಯಾಗಿ ಬಿಟ್ಟುಕೊಟ್ಟುದರ ದಾಖಲೆ. ಕಲ್ಲು ಉಳಿಯಿತು, ಊರಿನ ಹೆಸರು ಉಳಿಯಿತು, ವೀರನ ಹೆಸರೂ ಉಳಿಯಿತು. ಉಳಿಯದೆ ಹೋದುದು ಖಡ್ಗವೊಂದೇ. ಅದು ಉದ್ದವಾಗಿತ್ತೆ ಗಿಡ್ಡವಾಗಿತ್ತೆ, ನೇರವಾಗಿತ್ತೆ ಬಾಗಿತ್ತೆ, ಅದನ್ನು ಬಡಿದವನು ಯಾವ ಸೀಮೆಯ ಕಮ್ಮಾರನೆಂಬ ಪ್ರಶ್ನೆಗಳಿಗೆ ಆ ಕಲ್ಲು ಉತ್ತರ ಕೊಡದು.

ಹಲ್ಮಿಡಿಯಿಂದ ಈಶಾನ್ಯಕ್ಕೆ ಮಲೆನಾಡಿನ ಸೆರಗನ್ನು ದಾಟಿ ಕಡೂರಿನ ಬಯಲಿಗೆ ಇಳಿದರೆ, ಚೌಳಹಿರಿಯೂರು, ಯಗಟಿ, ಸಖರಾಯಪಟ್ಟಣಗಳ ಆಸುಪಾಸಿನ ರಾಗಿಯ ಹೊಲ, ತೆಂಗಿನ ತೋಟಗಳ ಸೀಮೆಯು ಎದುರಾಗುತ್ತದೆ. ಇಲ್ಲಿಯೂ ಉತ್ತರಕ್ಕೆ ತರೀಕೆರೆ, ಅಜ್ಜಂಪುರಗಳ ಕಡೆಗೂ ಊರ ಮುಂದಿನ ಕಟ್ಟೆಯ ಪಕ್ಕದಲ್ಲಿ, ಕೆರೆಯ ಏರಿಯ ಮೇಲೆ, ಈಶ್ವರನ ಗುಡಿಯ ಹಿಂದೆ, ಅರೆ ಹೂತು ಅರೆ ಎದ್ದು ನಿಂತಿರುವ ವೀರಗಲ್ಲುಗಳಿಗೆ ಕೊರತೆಯಿಲ್ಲ. ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಶಾಸನಗಳಿಗೇ ಮೀಸಲಾದುದು, ಅದರಲ್ಲಿ ದಾನಶಾಸನಗಳ ಜೊತೆಜೊತೆಗೆ ಹೀಗೆ ಕಾದಿ ಮಡಿದವರ ಲೇಖಗಳೂ ಸೇರಿವೆ. ಇಂತಹ ಸೀಮೆಯಲ್ಲಿ ಹಳೆಯ ಮನೆಗಳ ಅಟ್ಟದಿಂದಲೋ ದೇವರ ಕೋಣೆಯಿಂದಲೋ ತುಕ್ಕು ಹಿಡಿದ ಕತ್ತಿಯೊಂದು ಹೊರಬಿದ್ದಾಗ, ಇದು ಯಾರ ಕತ್ತಿ, ಯಾವ ಸೀಮೆಯದು, ಯಾವ ಜನ ಹಿಡಿದದ್ದು ಎಂಬ ಕುತೂಹಲ ಹುಟ್ಟುವುದು ಸಹಜವೇ. ಆದರೆ ಕತ್ತಿಗೆ ಕುಲಗೋತ್ರವನ್ನು ಹೇಳುವ ವಿದ್ಯೆಯು ಮೇಲುನೋಟಕ್ಕೆ ಕಾಣುವಷ್ಟು ಸರಳವಾದುದಲ್ಲ. ಅದರ ತೊಡಕುಗಳು ಎಷ್ಟೆಂಬುದನ್ನು ಅರಿಯಲು ಒಮ್ಮೆ ಸಮುದ್ರವನ್ನು ದಾಟಿ ಆಫ್ರಿಕದ ನಡುನಾಡಿಗೆ ಹೋಗಿಬರುವುದು ಲೇಸು. ಏಕೆಂದರೆ ಈ ವಿದ್ಯೆಯ ಗೆಲವುಗಳೂ ಸೋಲುಗಳೂ ಅಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಡೆ ಕಾಣವು.

ಕಾಂಗೋ ಮಹಾನದಿಯ, ಅದರ ಉಪನದಿಯಾದ ಉಬಾಂಗಿಯ ತೀರಗಳಲ್ಲಿ ನೂರಾರು ಜನಾಂಗಗಳು ನೂರಾರು ಬಗೆಯ ಅಲಗುಗಳನ್ನು ಬಡಿದವು. ಕುಡುಗೋಲಿನಂತೆ ಬಾಗಿದವು, ಎಲೆಯಂತೆ ಅಗಲವಾದವು, ಎರಡು ಕೊಂಬಾಗಿ ಕವಲೊಡೆದವು, ಮೂರು ನಾಲ್ಕು ದಿಕ್ಕಿಗೆ ಅಲಗನ್ನು ಚಾಚಿ ಬೀಸಿ ಎಸೆಯಲು ಯೋಗ್ಯವಾದವು, ಹೀಗೆ ಆ ವೈವಿಧ್ಯಕ್ಕೆ ಮಿತಿಯಿಲ್ಲ. 1885ರಿಂದ 1908ರವರೆಗೆ ಆ ವಿಶಾಲ ಭೂಮಿಯು ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ಆಸ್ತಿಯಂತಿದ್ದ ಕಾಲದಲ್ಲಿ, ರಬ್ಬರು ದಂತಗಳ ಜೊತೆಗೆ ಈ ಆಯುಧಗಳೂ ಹೊರೆಹೊರೆಯಾಗಿ ಯುರೋಪಿಗೆ ಸಾಗಿದವು. ಬ್ರಸೆಲ್ಸಿನ ಸಮೀಪದ ಟೆರ್ವುರೆನ್ನಿನಲ್ಲಿ 1897ರ ಪ್ರದರ್ಶನದಿಂದ ಬೆಳೆದುಬಂದ ವಸ್ತುಸಂಗ್ರಹಾಲಯವು ಇಂದಿಗೂ ಅವುಗಳ ದೊಡ್ಡ ಭಂಡಾರ. ತಂದವರು ಸೈನಿಕರು, ವರ್ತಕರು, ಪಾದ್ರಿಗಳು. ಅವರಲ್ಲಿ ಬಹುಮಂದಿ ಬರೆದಿಟ್ಟದ್ದು ಕತ್ತಿಯು ತಮ್ಮ ಕೈಗೆ ಬಂದ ಸ್ಥಳವನ್ನೇ ಹೊರತು ಅದು ಹುಟ್ಟಿದ ಸ್ಥಳವನ್ನಲ್ಲ. ನದಿಯ ದಡದ ಸಂತೆಯಲ್ಲಿ ಕೊಂಡ ಕತ್ತಿಗೆ ಆ ದಡದ ಜನರ ಹೆಸರೇ ಅಂಟಿತು. ಆ ದಡದವರಾದರೋ ಮೀನನ್ನೂ ಮಡಕೆಯನ್ನೂ ಕೊಟ್ಟು, ಒಳನಾಡಿನ ಕಮ್ಮಾರನಿಂದ ಅದನ್ನು ವಿನಿಮಯವಾಗಿ ಪಡೆದಿದ್ದಿರಬಹುದು.

ಆಕಾರಕ್ಕೆ ಹೆಸರಿಡುವಾಗ ಕಲ್ಪನೆಯು ಸತ್ಯಕ್ಕಿಂತ ಮುಂದೆ ಓಡಿದ ನಿದರ್ಶನವೂ ಅಲ್ಲಿಯದೇ. ಙೊಂಬೆ, ದೊಕೊ ಮೊದಲಾದ ಜನರಲ್ಲಿ ಬಳಕೆಯಲ್ಲಿದ್ದ ‘ಙುಲು’ ಎಂಬ, ಅಲಗಿನ ನಡುವೆ ಅರ್ಧಚಂದ್ರದಂತೆ ಬಾಗುಳ್ಳ ಕತ್ತಿಯು ಯುರೋಪಿನ ಅಂಗಡಿಗಳಲ್ಲಿ ಇಂದಿಗೂ ‘ವಧಕಾರನ ಖಡ್ಗ’ವೆಂದೇ ಮಾರಾಟವಾಗುತ್ತದೆ. ಶಿರಚ್ಛೇದನದ ಕೆಲವು ವೃತ್ತಾಂತಗಳನ್ನು ಪ್ರವಾಸಿಗಳು ಬರೆದದ್ದು ನಿಜ. ಆದರೆ ಅದೇ ಆಕೃತಿಯ ಕತ್ತಿಗಳು ಮುಖ್ಯಸ್ಥರ ಘನತೆಯ ಚಿಹ್ನೆಯಾಗಿಯೂ ಕುಣಿತದ ಪರಿಕರವಾಗಿಯೂ ಇದ್ದವೆಂಬ ಮಾತು ಅಂಗಡಿಯ ಚೀಟಿಯಲ್ಲಿ ಬರುವುದಿಲ್ಲ. ಭಯಂಕರವಾದ ಹೆಸರಿಗೆ ಬೆಲೆ ಹೆಚ್ಚೆಂಬುದು ವ್ಯಾಪಾರದ ನಿಯಮ. 1870ರಲ್ಲಿ ಮಂಗ್ಬೆಟು ಜನರ ಅರಸನಾದ ಮುನ್ಜನ ಆಸ್ಥಾನವನ್ನು ಕಂಡ ಜರ್ಮನ್ ಸಸ್ಯಶಾಸ್ತ್ರಜ್ಞ ಶ್ವೈನ್‌ಫರ್ತನು, ಆ ಅರಸನ ಕೈಯಲ್ಲಿದ್ದ ಕುಡುಗೋಲಿನಾಕಾರದ ಖಡ್ಗವು ಅಪ್ಪಟ ತಾಮ್ರದ್ದೆಂದೂ ಅದು ಕೇವಲ ಅಲಂಕಾರಕ್ಕೆಂದೂ ಸ್ಪಷ್ಟವಾಗಿ ಬರೆದನು. ಕುಬ ಜನರಲ್ಲಾದರೋ, 17ನೆಯ ಶತಮಾನದ ಶ್ಯಾಮನೆಂಬ ಅರಸನು ಯುದ್ಧದ ಕತ್ತಿಯನ್ನು ನಿಷೇಧಿಸಿ, ‘ಇಕುಲ್’ ಎಂಬ ಶಾಂತಿಯ ಕತ್ತಿಯನ್ನು ಧರಿಸುವ ರೂಢಿಯನ್ನು ತಂದನೆಂಬ ಐತಿಹ್ಯವುಂಟು. 1907ರಿಂದ 1909ರವರೆಗೆ ಅಲ್ಲಿ ಸಂಚರಿಸಿದ ಎಮಿಲ್ ಟೊರ್ಡೇ ಎಂಬಾತನು ಇಂತಹ ಹೇಳಿಕೆಗಳನ್ನು ಜನರ ಬಾಯಿಂದಲೇ ಕೇಳಿ ದಾಖಲಿಸಿ, ವಸ್ತುವಿನೊಡನೆ ಅದರ ಕಥೆಯನ್ನೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಯ್ದುದರಿಂದ, ಕುಬ ಕತ್ತಿಗಳ ವಿಷಯದಲ್ಲಿ ಸಂದೇಹಗಳು ಕಡಮೆ. ಕತ್ತಿಯ ಜೊತೆಗೆ ಕಾಗದದ ತುಂಡೊಂದು ಇದ್ದುದೇ ಅಲ್ಲಿನ ಭೇದ.

ಆ ಭಂಡಾರಗಳನ್ನು ವರ್ಗೀಕರಿಸಿದ ತಜ್ಞರು ಕಡೆಗೆ ಅಲಗಿನ ಆಕಾರವೊಂದನ್ನೇ ನಂಬುವುದನ್ನು ಬಿಟ್ಟು, ಹಿಡಿಗೆ ಸುತ್ತಿದ ತಾಮ್ರದ ತಂತಿ, ಹಿತ್ತಾಳೆಯ ಮೊಳೆಗಳ ಸಾಲು, ಉಡದ ಚರ್ಮದ ಒರೆ, ಕತ್ತಿಯನ್ನು ಮೈಮೇಲೆ ಧರಿಸುವ ರೀತಿ, ಇವುಗಳ ಕಡೆಗೆ ಕಣ್ಣು ಹೊರಳಿಸಿದರು. ಝಾಂಡೆ ಜನರು ಎಸೆಗತ್ತಿಗಳನ್ನು ಗುರಾಣಿಯ ಒಳಮೈಗೆ ಸಿಕ್ಕಿಸಿ ಒಯ್ಯುತ್ತಿದ್ದರು. ಆ ಗುರಾಣಿಯಿಲ್ಲದೆ ಆ ಕತ್ತಿಯ ಅರ್ಥ ಪೂರ್ಣವಾಗದು. ಅಲಗು ಮಾರಾಟವಾಗುತ್ತದೆ, ಕೊಳ್ಳೆಹೋಗುತ್ತದೆ, ವಧುದಕ್ಷಿಣೆಯಾಗಿ ನೆರೆಯ ಜನಾಂಗದ ಮನೆಯನ್ನು ಸೇರುತ್ತದೆ; ಧರಿಸುವ ರೀತಿಯಾದರೋ ಹುಟ್ಟಿದ ಜನರೊಡನೆಯೇ ಉಳಿಯುತ್ತದೆ. ಈ ಸೂತ್ರವನ್ನು ಕೈಯಲ್ಲಿ ಹಿಡಿದು ನಮ್ಮ ನಾಡಿಗೆ ಮರಳಿದರೆ ಬೆಳಕು ದೊರೆಯುವುದು ಮೊದಲು ಕೊಡಗಿನಲ್ಲಿ.

ಕೊಡವರ ಒಡಿಕತ್ತಿಯನ್ನು ಒಮ್ಮೆ ಕಂಡವರು ಮರೆಯಲಾರರು. ಹಿಡಿಯ ಬಳಿ ಕಿರಿದಾಗಿ ಹೊರಟು, ಮುಂದೆ ಮುಂದೆ ಅಗಲವಾಗುತ್ತ, ಬಾಯಿಯ ಕಡೆಗೆ ಬಾಗಿದ ಆ ಅಲಗಿಗೆ ಹರಿತವಿರುವುದು ಬಾಗಿನ ಒಳಮಗ್ಗುಲಿನಲ್ಲಿ. ತೂಕವೆಲ್ಲ ತುದಿಯ ಕಡೆಗೇ ಸರಿದಿರುವುದರಿಂದ ಬೀಸಿದ ಪೆಟ್ಟು ತನ್ನ ಭಾರದಿಂದಲೇ ಇಳಿಯುತ್ತದೆ. ಕಾಡು ಸವರಿ ದಾರಿ ಮಾಡಿಕೊಳ್ಳಬೇಕಾದ ಗುಡ್ಡಗಾಡಿನ ಜನರ ಕೈಯಲ್ಲಿ ಒಂದೇ ಉಪಕರಣವು ಕೃಷಿಗೂ ಕಾಳಗಕ್ಕೂ ಒದಗಿ ಬೆಳೆದುದರ ಗುರುತು ಅದರ ಮೈಯಲ್ಲೆಲ್ಲ ಇದೆ. ಆದರೆ ಗಮನಿಸಬೇಕಾದುದು ಅಲಗಿಗಿಂತಲೂ ಅದನ್ನು ಧರಿಸುವ ಕ್ರಮ. ಈ ಕತ್ತಿಗೆ ಒರೆಯಿಲ್ಲ. ಸೊಂಟದ ಹಿಂದೆ, ಬೆನ್ನಿನ ಕೆಳಗೆ ಕಟ್ಟುವ ‘ತೊಡಂಗ್’ ಎಂಬ ಲೋಹದ ಕೊಂಡಿಯಲ್ಲಿ ಬರಿಯ ಅಲಗನ್ನು ಇಳಿಬಿಡುತ್ತಾರೆ. ಮುಂದುಗಡೆ ಚೇಲೆಯ ಸುತ್ತಿನಲ್ಲಿ ಬೆಳ್ಳಿಯ ಕೆಲಸದ ಪೀಚೆಕತ್ತಿಯು ಬೇರೆಯೇ ಇರುತ್ತದೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡನ್ನು ಒಂದೇ ಏಟಿಗೆ ಕಡಿದುರುಳಿಸುವ ಬಾಳೆ ಬಿರುದಿನ ವಿಧಿಯಲ್ಲಿ ಒಡಿಕತ್ತಿಯು ಇಂದಿಗೂ ಸಜೀವವಾಗಿದೆ. ಸೆಪ್ಟೆಂಬರ್ ತಿಂಗಳ ಆರಂಭದ ಕೈಲ್ ಪೊಳ್ದಿನಂದು ಮನೆಯ ಕೋವಿ ಕತ್ತಿಗಳನ್ನೆಲ್ಲ ಇರಿಸಿ, ತೋಕ್ ಪೂವೆಂಬ ಕೆಂಪು ಹಳದಿಯ ಹೂವನ್ನು ಸಿಕ್ಕಿಸಿ ಪೂಜಿಸುವುದನ್ನು ನೋಡಿದವರಿಗೆ, ಆಯುಧವು ಇವರ ಪಾಲಿಗೆ ಇನ್ನೂ ವಸ್ತುಸಂಗ್ರಹಾಲಯದ ಪದಾರ್ಥವಾಗಿಲ್ಲವೆಂಬುದು ವಿದಿತವಾಗುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ನಿಃಶಸ್ತ್ರೀಕರಣದ ಕಾಯಿದೆಯಿಂದ ಕೊಡಗರನ್ನು ಹೊರತುಪಡಿಸಿದುದೂ, ಆ ವಿನಾಯಿತಿಯು ಮುಂದೆಯೂ ನಡೆದುಬಂದುದೂ, ಕತ್ತಿಯ ಕುಲವನ್ನು ನಿಶ್ಚಯಿಸುವವರಿಗೆ ದೊರೆತ ಅದೃಷ್ಟ. ಕಿತ್ತುಕೊಳ್ಳದೆ ಬಿಟ್ಟ ಆಯುಧವು ತನ್ನ ಜನರ ನಡುವೆಯೇ ಉಳಿದುಕೊಂಡಿತು.

ಹೀಗಿದ್ದೂ ಗೊಂದಲ ತಪ್ಪಲಿಲ್ಲ. ಮಲಬಾರಿನಲ್ಲಿಯೂ ಇದೇ ಜಾತಿಯ ಅಗಲವಾದ ಕತ್ತಿಗಳಿದ್ದುವು. 1880ರಲ್ಲಿ ವಿಲ್‌ಬ್ರಹಾಮ್ ಎಗರ್ಟನ್ನನು ಲಂಡನ್ನಿನಲ್ಲಿದ್ದ ಭಾರತೀಯ ಆಯುಧಗಳ ಸೂಚಿಯನ್ನು ಪ್ರಕಟಿಸಿದಾಗ ಬರೆದ ಹೆಸರುಗಳೂ, 1934ರಲ್ಲಿ ಜಾರ್ಜ್ ಕ್ಯಾಮೆರಾನ್ ಸ್ಟೋನನು ತನ್ನ ಆಯುಧಕೋಶದಲ್ಲಿ ಇಳಿಸಿಕೊಂಡ ಹೆಸರುಗಳೂ ವರ್ತಕರ ನಾಲಗೆಯ ಮೇಲೆ ಸ್ಥಿರವಾಗಿ ನಿಂತುಬಿಟ್ಟವು. ಅಲ್ಲಿಂದಾಚೆಗೆ ಮಾಪಿಳ್ಳೆಯರ ಕತ್ತಿಯನ್ನು ಕೊಡಗಿನದೆಂದೂ, ಕೊಡಗಿನದನ್ನು ನಾಯರದೆಂದೂ, ಗುಡಿಯಲ್ಲಿ ಪಾತ್ರಿಯು ಹಿಡಿಯುವ ಗೆಜ್ಜೆಕಟ್ಟಿದ ಖಡ್ಗವನ್ನು ಯುದ್ಧದ ಖಡ್ಗವೆಂದೂ ಹೇಳುವುದು ಹರಾಜಿನ ಮನೆಗಳಲ್ಲಿ ಸಾಮಾನ್ಯವಾಯಿತು. ದಕ್ಷಿಣ ಕನ್ನಡದ ಕರಾವಳಿಯಲ್ಲಿ ದೈವದ ಭಂಡಾರದಲ್ಲಿರುವ ಕಡ್ಸಲೆ, ಸುರಿಯಗಳೆಂಬ ಕತ್ತಿಗಳಿಗೂ ಇದೇ ಗತಿ: ಭಂಡಾರದಿಂದ ಆಚೆ ಬಂದೊಡನೆ ಅವು ಬರಿಯ ‘ದಕ್ಷಿಣ ಭಾರತದ ಖಡ್ಗ’ಗಳು. ಇದಕ್ಕಿಂತಲೂ ವಿಚಿತ್ರವಾದುದು ದೂರದ ನಂಟನ್ನು ಹುಡುಕುವ ಹವ್ಯಾಸ. ರಿಚರ್ಡ್ ಬರ್ಟನ್ನನು 1884ರ ತನ್ನ ‘ಖಡ್ಗದ ಪುಸ್ತಕ’ದಲ್ಲಿ ಗ್ರೀಕರ ಬಾಗುಗತ್ತಿಗೂ ನೇಪಾಳದ ಕುಕ್ರಿಗೂ ಸಂಬಂಧವನ್ನು ಊಹಿಸಿದ ಮೇಲೆ, ಒಳಬಾಗಿಗೆ ಹರಿತವುಳ್ಳ ಕತ್ತಿ ಎಲ್ಲಿ ಕಂಡರೂ ಅಲೆಕ್ಸಾಂಡರನ ಸೈನ್ಯವು ಹಾದುಹೋದ ಹೆಜ್ಜೆ ಕಾಣುವ ಪಂಡಿತರು ಹುಟ್ಟಿಕೊಂಡರು. ಮರ ಕಡಿಯುವ ಅಗತ್ಯ ಬಿದ್ದ ಮನುಷ್ಯನು ಎಲ್ಲಿದ್ದರೂ ಇಂತಹದೊಂದನ್ನು ಬಡಿದುಕೊಳ್ಳುತ್ತಾನೆಂಬ ಸರಳ ವಿಚಾರ ಅವರಿಗೆ ರುಚಿಸುವುದಿಲ್ಲ. ಆಕೃತಿಯ ಸಾಮ್ಯದಿಂದ ವಂಶವನ್ನು ಸ್ಥಾಪಿಸಹೊರಟರೆ ಪ್ರಪಂಚದ ಕುಡುಗೋಲುಗಳೆಲ್ಲ ಒಂದೇ ತಾಯ ಮಕ್ಕಳಾಗಬೇಕಾಗುತ್ತದೆ.

ಕೊಡಗಿನಂತಹ ಗುಡ್ಡಗಾಡಿನಲ್ಲಿ ಅಷ್ಟಾದರೂ ನಿಚ್ಚಳವಿದ್ದುದು ನಮ್ಮ ಬಯಲುಸೀಮೆಗೆ ಬಂದಾಗ ಇನ್ನೂ ಮಸುಕಾಗುತ್ತದೆ. ತರೀಕೆರೆಯ ಪಾಳೆಯಗಾರರ ಮನೆತನವನ್ನೇ ನೋಡೋಣ. ಬಸವಾಪಟ್ಟಣದಲ್ಲಿ ಬೇರೂರಿದ್ದ ಈ ವಂಶದವರು ವಿಜಯನಗರವು ಅಸ್ತಂಗತವಾದ ಬಳಿಕ ಬಿಜಾಪುರದ ಒತ್ತಡಕ್ಕೆ ಸಿಕ್ಕಿ ತರೀಕೆರೆಗೆ ಬಂದು ನೆಲಸಿ, ಮೊಗಲರು, ಕೆಳದಿಯವರು, ಮೈಸೂರಿನವರು ಎಂದು ಒಬ್ಬರಾದ ಮೇಲೊಬ್ಬರೊಡನೆ ಕಾದಿಯೋ ಕಪ್ಪವೊಪ್ಪಿಸಿಯೋ ಬಾಳಿ, ಕಡೆಗೆ 1830ರ ನಗರ ಸೀಮೆಯ ದಂಗೆಯಲ್ಲಿ ಸರ್ಜಾ ಹನುಮಪ್ಪನಾಯಕನ ಕಾಲಕ್ಕೆ ಮತ್ತೊಮ್ಮೆ ಕತ್ತಿಯನ್ನು ಹಿರಿದವರು. ಇಂತಹ ಮನೆಯೊಂದರ ಆಯುಧಗಳಲ್ಲಿ ಸುಲ್ತಾನರ ಸೈನ್ಯದ ತಲವಾರೂ ಇರಬಹುದು, ಮರಾಠರ ಕೈಯಿಂದ ಕಸಿದುದೂ ಇರಬಹುದು, ಗೋವೆಯ ಬಂದರಿನಲ್ಲಿ ಇಳಿದು ಸಂತೆಯಿಂದ ಸಂತೆಗೆ ಬಂದ ಫರಂಗಿಯ ಅಲಗೂ ಇರಬಹುದು. ಮನೆಯವರು ಅದೆಲ್ಲವನ್ನೂ ‘ನಮ್ಮ ಹಿರಿಯರ ಕತ್ತಿ’ ಎನ್ನುವರು. ಅದು ಸುಳ್ಳೂ ಅಲ್ಲ.

ಇಲ್ಲಿ ತಲವಾರಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅವಶ್ಯ. ಅಲಗಿನ ಬುಡದಲ್ಲಿ ಹಿಡಿಯೊಳಕ್ಕೆ ಇಳಿಯುವ ಮೋಟು ಕಂಬಿಯೊಂದಿರುತ್ತದೆ. ಟೊಳ್ಳಾದ ಕಬ್ಬಿಣದ ಹಿಡಿಯೊಳಗೆ ಅರಗನ್ನು ತುಂಬಿ, ಕಂಬಿಯನ್ನು ಕಾಯಿಸಿ ಅದರಲ್ಲಿ ಊರಿದರೆ, ಆರಿದ ಮೇಲೆ ಅಲಗೂ ಹಿಡಿಯೂ ಒಂದಾಗುತ್ತವೆ. ಬೇಡವಾದಾಗ ಹಿಡಿಯನ್ನು ಕೆಂಡದ ಮೇಲೆ ಹಿಡಿದರೆ ಅರಗು ಕರಗಿ ಅಲಗು ಕಳಚಿ ಬರುತ್ತದೆ. ಎತ್ತಿನ ಕೊಂಬಣಸನ್ನು ಬದಲಿಸಿದಷ್ಟೇ ಸುಲಭವಾಗಿ ಒಬ್ಬನ ಅಲಗಿಗೆ ಇನ್ನೊಬ್ಬನ ಹಿಡಿಯನ್ನು ತೊಡಿಸಬಹುದಾದುದರಿಂದ, ಒಂದೇ ಕತ್ತಿಯಲ್ಲಿ ಎರಡು ಮೂರು ದೇಶಗಳೂ ಎರಡು ಮೂರು ಶತಮಾನಗಳೂ ಒಟ್ಟಿಗೆ ಕುಳಿತಿರುವುದುಂಟು. ಅಲಗಿನ ಮೇಲೆ ಜರ್ಮನಿಯ ಕಮ್ಮಾರನ ಮುದ್ರೆಯಿದ್ದು, ಹಿಡಿಯು ದಖ್ಖನಿನದಾಗಿ, ಮೇಲಿನ ಬೆಳ್ಳಿಯ ಕುಸುರಿಯು ಮತ್ತೂ ಮುಂದಿನ ಕಾಲದ್ದಾಗಿರುವ ಆಯುಧಕ್ಕೆ ಯಾವ ಜನಾಂಗದ ಹೆಸರನ್ನು ಕೊಡಬೇಕು? 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೂ ಮಿಗಿಲಾದ ಬೆಲೆಗೆ ಹೋದ ಟಿಪ್ಪು ಸುಲ್ತಾನನ ಖಡ್ಗದ ಅಲಗೂ ಜರ್ಮನಿಯ ಮಾದರಿಯನ್ನು ಅನುಸರಿಸಿದುದೆಂದೇ ಹೇಳಲಾಯಿತು. ಶ್ರೀರಂಗಪಟ್ಟಣವು ಬಿದ್ದ ಮೇಲೆ, 1799ರಲ್ಲಿ, ಅದನ್ನು ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡನಿಗೆ ಒಪ್ಪಿಸಿದರೆಂಬ ಪರಂಪರೆಯಿಲ್ಲದೆ ಹೋಗಿದ್ದರೆ ಕೊಳ್ಳುವವನು ಆ ಉಕ್ಕಿಗೆ ಅಷ್ಟು ಹೊನ್ನನ್ನು ಸುರಿಯುತ್ತಿರಲಿಲ್ಲ.

ವಿಜಯನಗರದ ಕಾಲದ ಆಯುಧಗಳ ವಿಷಯದಲ್ಲಿ ಆದುದು ಇದಕ್ಕಿಂತಲೂ ಶೋಚನೀಯ. 1855ರಲ್ಲಿ ತಂಜಾವೂರಿನ ರಾಜವಂಶವು ಕೊನೆಗೊಂಡ ಬಳಿಕ ಅಲ್ಲಿಯ ಅರಮನೆಯ ಆಯುಧಶಾಲೆಯಲ್ಲಿ ರಾಶಿಬಿದ್ದಿದ್ದ ಕಠಾರಿ, ಖಂಡೆ, ಅಂಕುಶಗಳಲ್ಲಿ ಕೆಲವನ್ನು ಮದರಾಸಿನ ಮ್ಯೂಸಿಯಮ್ಮಿಗೆ ಆರಿಸಿಕೊಂಡು, ಉಳಿದುದರಲ್ಲಿ ಬಹುಭಾಗವನ್ನು ಮುರಿದು ಹಳೆಯ ಕಬ್ಬಿಣವಾಗಿ ಮಾರಲಾಯಿತು. ಉಳಿದು ಹೊರದೇಶಗಳನ್ನು ಸೇರಿದವುಗಳ ಚೀಟಿಯಲ್ಲಿ ‘ತಂಜಾವೂರು’ ಎಂದಿರುತ್ತದೆ. ವಿಜಯನಗರದ ದೊರೆಗಳ, ನಾಯಕರ, ಬಳಿಕ ಮರಾಠರ ಕೈಗಳನ್ನು ದಾಟಿ ಅಲ್ಲಿಗೆ ತಲಪಿದ ಆಯುಧದ ಕೊನೆಯ ನಿಲ್ದಾಣವನ್ನಷ್ಟೇ ಆ ಹೆಸರು ಹೇಳುತ್ತದೆ. ಟೆರ್ವುರೆನ್ನಿನ ಚೀಟಿಗಳ ದೋಷವೇ ಇಲ್ಲಿಯೂ. ಸಾಳುವ ನರಸಿಂಹನ ಬಿರುದಿನಲ್ಲಿಯೇ ಕಠಾರಿಯಿದ್ದುದನ್ನು ನೆನೆದರೆ, ಆ ವರ್ಗದ ಆಯುಧಕ್ಕೆ ಕನ್ನಡ ನಾಡಿನ ಹಕ್ಕೇನೂ ಕಡಮೆಯಾದುದಲ್ಲವೆಂದು ತೋರುತ್ತದೆ.

ಹಾಗಾದರೆ ನಂಬತಕ್ಕ ಸಾಕ್ಷಿ ಯಾವುದು? ನನ್ನ ಅಭಿಪ್ರಾಯದಲ್ಲಿ, ನಮ್ಮ ಸೀಮೆಗೆ ಸಂಬಂಧಿಸಿದಮಟ್ಟಿಗೆ, ಯಾವ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಿಂತಲೂ ಹೊಲದ ಬದುವಿನ ವೀರಗಲ್ಲೇ ಮೇಲು. ಕಬ್ಬಿಣದ ಕತ್ತಿ ಊರಿಂದೂರಿಗೆ ಅಲೆಯುತ್ತದೆ, ಕಲ್ಲು ಅಲೆಯುವುದಿಲ್ಲ. ಎರಡಾಳೆತ್ತರದ ಚಪ್ಪಡಿಯನ್ನು ಕೊಳ್ಳೆಯ ಮಾಲಾಗಿ ಯಾವ ಸೈನ್ಯವೂ ಹೊತ್ತೊಯ್ಯಲಿಲ್ಲ. ಅದು ನಿಂತ ಊರೇ ಅದರ ಊರು. ಲೇಖವಿದ್ದರೆ ಅರಸನ ಹೆಸರೂ ಶಕವರ್ಷವೂ ಜಗಳದ ಕಾರಣವೂ ಸಿಕ್ಕುತ್ತವೆ. ಕಾರಣಗಳಾದರೂ ಎಂತಹವು! ತುರುಗೋಳಿನಲ್ಲಿ ದನಗಳನ್ನು ಮರಳಿ ತರಲು ಹೋಗಿ ಬಿದ್ದವನು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನವನ್ನು ಕಾಯುತ್ತ ಬಿದ್ದವನು, ಊರಳಿವಿನಲ್ಲಿ ಬಾಗಿಲನ್ನು ಬಿಡದೆ ಬಿದ್ದವನು. ಅಜ್ಜಂಪುರದ ಅಮೃತಮಹಲ್ ತಳಿಯ ಕೇಂದ್ರದಲ್ಲಿ ಮೇಯುವ ಬೂದುಬಣ್ಣದ, ಚೂಪುಗೊಂಬಿನ ರಾಸುಗಳನ್ನು ಕಂಡಾಗಲೆಲ್ಲ, ದನಕ್ಕಾಗಿ ಪ್ರಾಣ ಕೊಡುವ ಮಾತು ಈ ಸೀಮೆಯಲ್ಲಿ ಉತ್ಪ್ರೇಕ್ಷೆಯಾಗಿರಲಿಲ್ಲವೆನ್ನಿಸುತ್ತದೆ.

ವೀರಗಲ್ಲು ಸಾಮಾನ್ಯವಾಗಿ ಮೂರು ಅಂತಸ್ತಿನದು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ದೃಶ್ಯ, ತುದಿಯಲ್ಲಿ ಲಿಂಗಪೂಜೆಯೋ ಜಿನಪೂಜೆಯೋ. ಯಾತ್ರಿಕರ ಕಣ್ಣು ಮೇಲಕ್ಕೆ ಏರುತ್ತದೆ. ಕತ್ತಿಯನ್ನು ಹುಡುಕುವವನು ಕೆಳಗಿನ ಅಂತಸ್ತಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ಸಂಜೆಯ ಓರೆಬಿಸಿಲು ಬಿದ್ದರೆ ಮಧ್ಯಾಹ್ನ ಕಾಣದ ವಿವರಗಳು ಮೇಲೇಳುತ್ತವೆ. ಅಲಗು ಬುಡದಿಂದ ತುದಿಯವರೆಗೆ ಒಂದೇ ಅಗಲವಿದೆಯೋ, ಮೊನೆಯ ಹತ್ತಿರ ಉಬ್ಬಿದೆಯೋ. ಹಿಡಿಯ ತುದಿಯಲ್ಲಿ ಬಿಲ್ಲೆಯಿದೆಯೋ ಗುಂಡಿಯಿದೆಯೋ. ಬೆರಳುಗಳನ್ನು ಕಾಯುವ ಕಮಾನು ಉಂಟೋ ಇಲ್ಲವೋ. ಸೊಂಟದಲ್ಲಿ ಬಾಕು ಎಡಕ್ಕಿದೆಯೋ ಬಲಕ್ಕೋ. ಗುರಾಣಿ ದುಂಡಗಿದೆಯೋ ಉದ್ದವೋ. ಬೆರಳುಗಾಪಿನ ಕಮಾನು ಹೊಯ್ಸಳರ ಶಿಲ್ಪಗಳ ಖಡ್ಗಗಳಲ್ಲಿ ಕಾಣದು. ದಕ್ಷಿಣದ ಖಡ್ಗಗಳಿಗೆ ಅದು ಹರಡಿದುದು ಪೋರ್ಚುಗೀಸರ ಸಂಪರ್ಕದ ಬಳಿಕವೆಂಬುದು ವಿದ್ವಾಂಸರಲ್ಲಿ ಹೆಚ್ಚು ಮಂದಿ ಒಪ್ಪುವ ಮತ. ಆದಕಾರಣ ಅಂತಹ ಕಮಾನುಳ್ಳ ಕತ್ತಿಯನ್ನು ಹಿಡಿದುಕೊಂಡು ಯಾರಾದರೂ ‘ಇದು ಬಲ್ಲಾಳರಾಯನ ಕಾಲದ್ದು’ ಎಂದರೆ ನಯವಾಗಿ ನಕ್ಕು ಸುಮ್ಮನಾಗಬಹುದು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನಲ್ಲಿ ಗಂಗರ ಕಾಲದ ರಣರಂಗವೇ ಕಿಕ್ಕಿರಿದಿದೆ. ಆನೆ, ಕುದುರೆ, ಬಿಲ್ಲು, ಕತ್ತಿಗಳೆಲ್ಲ ಒಂದರಮೇಲೊಂದು ಬಿದ್ದಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಲ್ಲಿ ಕುವರಲಕ್ಷ್ಮನ ಸ್ಮಾರಕಸ್ತಂಭವಿದೆ. ಎರಡನೆಯ ಬಲ್ಲಾಳನೊಡನೆ ತಾನೂ ಪ್ರಾಣವನ್ನು ಬಿಟ್ಟ ಆ ದಂಡನಾಯಕನ ಮತ್ತು ಅವನ ಗರುಡರ, ಎಂದರೆ ಒಡೆಯನೊಡನೆ ಸಾಯುವ ವ್ರತ ತೊಟ್ಟವರ, ಸ್ಮರಣೆಗೆ ನಿಂತ ಆ ಕಂಬದ ಮೇಲೆ, ತಮ್ಮ ಶಿರಸ್ಸನ್ನು ತಾವೇ ಅರಿದುಕೊಳ್ಳುತ್ತಿರುವ ವೀರರನ್ನು ಕೆತ್ತಿದ್ದಾರೆ. ಅವರ ಕೈಯ ಗಿಡ್ಡ ಅಲಗನ್ನು ಕಂಡವರಿಗೆ, ಕಾಳಗದ ಖಡ್ಗ ಬೇರೆ, ವ್ರತದ ಖಡ್ಗ ಬೇರೆ ಎಂಬ ಭೇದವು ಕೂಡಲೆ ಹೊಳೆಯುತ್ತದೆ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ, ಕವಿ ಜನ್ನನು ರಚಿಸಿದ ಶಾಸನವುಳ್ಳ ದೇವಾಲಯದ ಸುಕನಾಸಿಯ ಮೇಲೆ ಹೊಯ್ಸಳ ಲಾಂಛನವು ಇನ್ನೂ ನಿಂತಿದೆ. ಅಲ್ಲಿಯ ಭಿತ್ತಿಯಲ್ಲಿ ರಾಮಾಯಣ ಮಹಾಭಾರತಗಳ ಫಲಕಗಳಿವೆ. ಅವುಗಳ ಯೋಧರು ತ್ರೇತಾ ದ್ವಾಪರಗಳ ಆಯುಧವನ್ನೇನೂ ಹಿಡಿದಿಲ್ಲ. ಶಿಲ್ಪಿಯು ತನ್ನ ಕಾಲದಲ್ಲಿ ಕಂಡುದನ್ನೇ ಅವರ ಕೈಗಿತ್ತಿದ್ದಾನೆ, ನಮ್ಮ ಪುಣ್ಯ.

ಆದರೂ ಕಲ್ಲಿನ ಸಾಕ್ಷ್ಯಕ್ಕೆ ಕಣ್ಣುಮುಚ್ಚಿ ಹೂಂಗುಟ್ಟಬಾರದು. ಶಿಲ್ಪಿಗೆ ಗುರುಪರಂಪರೆಯಿಂದ ಬಂದ ಅಚ್ಚು ಇರುತ್ತದೆ. ನೂರು ವರ್ಷ ಹಿಂದಿನ ಕತ್ತಿಯನ್ನೇ ಅವನು ಅಭ್ಯಾಸಬಲದಿಂದ ಕೆತ್ತಿಬಿಡಬಹುದು, ಕಲ್ಲು ಮುರಿಯದಿರಲೆಂದು ಅಲಗನ್ನು ದಪ್ಪಗೂ ಗಿಡ್ಡಗೂ ಮಾಡಬಹುದು. ಒಂದು ಕಲ್ಲು ಹೇಳಿದುದನ್ನು ಅದೇ ಸೀಮೆಯ ಅದೇ ಶತಮಾನದ ಹತ್ತು ಕಲ್ಲುಗಳು ಒಪ್ಪಿದರೆ ಮಾತ್ರ ಅದು ಪ್ರಮಾಣ. ಹೀಗೆ ಹೋಬಳಿ ಹೋಬಳಿಯ ಕಲ್ಲುಗಳ ಕತ್ತಿಗಳನ್ನು ಅಳೆದು ಪಟ್ಟಿಮಾಡುವ ಕೆಲಸವು ಆಫ್ರಿಕದ ಖಡ್ಗಗಳನ್ನು ವರ್ಗೀಕರಿಸಿದುದಕ್ಕಿಂತ ಸುಲಭವಾದುದೆಂದೇ ನಾನು ತಿಳಿದಿದ್ದೇನೆ. ಅವರಿಗೆ ತೇದಿಯನ್ನು ಹೇಳುವ ಕಲ್ಲುಗಳಿರಲಿಲ್ಲ.

ಇನ್ನು ಲೋಹದ ಮಾತು. ಬಾಬಾಬುಡನ್ ಬೆಟ್ಟಗಳ ಪೂರ್ವದ ಗುಡ್ಡಗಳಲ್ಲಿಯೂ ಉಬ್ರಾಣಿಯ ಸುತ್ತಿನಲ್ಲಿಯೂ ಕಬ್ಬಿಣವನ್ನು ಕರಗಿಸುತ್ತಿದ್ದುದನ್ನು ರೈಸರ ಗ್ಯಾಸೆಟಿಯರು ಹೇಳುತ್ತದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಕೆಲಸಮಾಡತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೆ ಇಳಿದುದು ಆ ಹಳೆಯ ಕಥೆಯ ಹೊಸ ಅಧ್ಯಾಯವಷ್ಟೆ. ಉಕ್ಕಿನ ವಿಷಯವನ್ನು ಕಣ್ಣಾರೆ ಕಂಡು ಬರೆದವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಆತನು ಮಧುಗಿರಿಯ ಕಡೆಯಲ್ಲಿ, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಂಬಿನ ಹಸಿರೆಲೆಗಳನ್ನಿಟ್ಟು, ಬಾಯಿಗೆ ಜೇಡಿಮಣ್ಣನ್ನು ಮೆತ್ತಿ, ತಿದಿಯೂದಿ ಉಕ್ಕಿಳಿಸುವ ಕ್ರಮವನ್ನು ವಿವರಿಸಿದ್ದಾನೆ. ಕಲ್ಲುಕುಟಿಗರ ಉಳಿ, ಖಡ್ಗದ ಅಲಗು, ವೀಣೆಯ ತಂತಿ, ಇವುಗಳಿಗೆ ಒದಗುತ್ತಿದ್ದುದು ಇಂತಹ ಉಕ್ಕು. ವೀರಗಲ್ಲನ್ನು ಕೆತ್ತಿದ ಉಳಿಯೂ ವೀರನ ಕೈಯ ಕತ್ತಿಯೂ ಒಂದೇ ಮೂಸೆಯ ಮಕ್ಕಳಾಗಿದ್ದಿರಬಹುದೆಂಬ ಯೋಚನೆ ನನಗೆ ಪ್ರಿಯವಾದುದು. ಆದರೆ ಈ ಉಕ್ಕು ಗಟ್ಟಿಗಟ್ಟಿಯಾಗಿ ಪರದೇಶಗಳಿಗೂ ಹೋಗುತ್ತಿದ್ದುದರಿಂದ, ಇಲ್ಲಿಯ ಉಕ್ಕು ಪಾರಸಿಕರ ಕೈಯಲ್ಲಿ ಕತ್ತಿಯಾಗಿ ಪುನಃ ಇಲ್ಲಿಗೇ ಬಂದು ‘ಇರಾನಿನ ಖಡ್ಗ’ವೆನ್ನಿಸಿಕೊಂಡಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅಲ್ಲಿಗೆ ಲೋಹಪರೀಕ್ಷೆಯೊಂದರಿಂದಲೇ ಕುಲವನ್ನು ನಿರ್ಣಯಿಸುವ ಆಸೆಯೂ ಮುಗಿಯಿತು.

ಜೀವಂತವಾಗಿ ಕೈಯಿಂದ ಕೈಗೆ ಬರುತ್ತಿರುವ ಕತ್ತಿಯನ್ನು ಕಾಣಬೇಕಾದರೆ ಶ್ರಾವಣದಲ್ಲಿ ಈ ಬಯಲಿಗೆ ಬರಬೇಕು. ವೀರಗಾಸೆಯ ಪುರವಂತರು ತಲೆಗೆ ಜಟೆಯನ್ನೂ ಎದೆಗೆ ವೀರಭದ್ರನ ಹಲಗೆಯನ್ನೂ ಕಾಲಿಗೆ ಗೆಜ್ಜೆಯನ್ನೂ ಕಟ್ಟಿ, ಕರಡೆ, ಚಮಾಳಗಳ ಬಡಿತಕ್ಕೆ ಹೆಜ್ಜೆಯಿಡುತ್ತ, ನಡುನಡುವೆ ವಾದ್ಯವನ್ನು ನಿಲ್ಲಿಸಿ ದಕ್ಷಯಜ್ಞದ ಒಡಪನ್ನು ಗುಡುಗುವಾಗ ಕೈಯಲ್ಲಿ ಬೀಸುವ ಖಡ್ಗಕ್ಕೆ ಯಾರೂ ಜನಾಂಗದ ಹೆಸರನ್ನು ಕೇಳುವುದಿಲ್ಲ. ಅದನ್ನು ಬಡಿದವನು ಕಮ್ಮಾರ, ಹಿಡಿದವನು ಪುರವಂತ, ಅದು ಸೇರಿದ್ದು ವೀರಭದ್ರನಿಗೆ. ಮುರಿದರೆ ಹೊಸದನ್ನು ಮಾಡಿಸುತ್ತಾರೆ, ಹಿಡಿ ಸಡಿಲಿಸಿದರೆ ಕುಲುಮೆಗೆ ಒಯ್ಯುತ್ತಾರೆ. ಅಲಗು ನಿನ್ನೆಯದಾದರೂ ಮಾದರಿಯು ಹಳೆಯದು. ಕುಣಿತದ ಕತ್ತಿಗೆ ಯುದ್ಧದ ಕತ್ತಿಯ ತೂಕ ಬೇಡವೆಂಬುದನ್ನರಿಯದ ಸಂಗ್ರಾಹಕನು ಇದನ್ನು ನಾಳೆ ಎಲ್ಲಿಯೋ ಕೊಂಡು ‘ದಖ್ಖನಿನ ವಧಕಾರನ ಖಡ್ಗ’ವೆಂದು ಗೋಡೆಗೆ ತೂಗುಹಾಕಿದರೆ, ಙುಲುವಿನ ಇತಿಹಾಸವು ಚೌಳಹಿರಿಯೂರಿನಲ್ಲಿಯೂ ಮರುಕಳಿಸಿದಂತೆಯೇ.

ಹೀಗಾಗುವ ಭಯ ಕೇವಲ ಊಹೆಯದಲ್ಲ. ಹಳ್ಳಿಯ ಮನೆಗಳು ಕೆಡವಿ ಕಟ್ಟಲ್ಪಡುತ್ತಿರುವ ಈ ದಿನಗಳಲ್ಲಿ ಅಟ್ಟದ ಕತ್ತಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ, ಇಲ್ಲವೆ ಹಳೆಯ ಸಾಮಾನಿನ ವ್ಯಾಪಾರಿಯ ಚೀಲವನ್ನು ಸೇರುತ್ತಿವೆ. ನೂರು ವರ್ಷ ಮೀರಿದ ಇಂತಹ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯಿದೆಯು ನಿಷೇಧಿಸಿದೆಯಾದರೂ, ಕಾಯಿದೆ ಕತ್ತಿಯನ್ನು ಕಾಯಬಲ್ಲುದೇ ಹೊರತು ಕತ್ತಿಯ ಕಥೆಯನ್ನು ಕಾಯಲಾರದು. ಆ ಕೆಲಸ ಮನೆಯವರದು.

ಆದ್ದರಿಂದ ಈ ಪ್ರಾಂತದ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟು. ಆಯುಧಪೂಜೆಗೆ ಕತ್ತಿಯನ್ನು ಇಳಿಸಿದಾಗ ಹುಣಿಸೆಹಣ್ಣು, ಉಪ್ಪುಕಾಗದಗಳಿಂದ ಅದರ ಮೈಯನ್ನು ಉಜ್ಜಬೇಡಿ. ತುಕ್ಕಿನ ಜೊತೆಗೆ ಅಕ್ಷರವೋ ಮುದ್ರೆಯೋ ಅಳಿಸಿಹೋದೀತು. ಒಣಬಟ್ಟೆಯಿಂದ ಒರಸಿ ಒಂದು ಹನಿ ಎಣ್ಣೆ ಸವರಿದರೆ ಸಾಕು. ಸಡಿಲವಾದ ಹಿಡಿಯನ್ನು ಬದಲಾಯಿಸಬೇಡಿ, ಹರಿದ ಒರೆಯನ್ನು ಎಸೆಯಬೇಡಿ. ಮನೆಯ ಹಿರಿಯರು ಇರುವಾಗಲೇ ಅದು ಯಾರಿಂದ, ಯಾವ ಊರಿನಿಂದ, ಯಾವ ಸಂದರ್ಭದಲ್ಲಿ ಬಂತು, ಅದನ್ನು ಸೊಂಟಕ್ಕೆ ಕಟ್ಟುತ್ತಿದ್ದರೋ ಹೆಗಲಿಗೋ ಎಂಬುದನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು ಕತ್ತಿಯ ಜೊತೆಗೇ ಇಡಿ. ಊರ ಮುಂದಿನ ವೀರಗಲ್ಲಿಗೆ ಎನಾಮಲ್ ಬಣ್ಣ ಬಳಿಯುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ. ಆ ಬಣ್ಣದ ಕೆಳಗೆ ಹಿಡಿಯ ಬಿಲ್ಲೆಯೂ ಸೊಂಟದ ಬಾಕುವೂ ಮುಚ್ಚಿಹೋಗುತ್ತವೆ, ಮತ್ತೆ ಅದನ್ನು ಕೆರೆದು ತೆಗೆಯುವಾಗ ಕಲ್ಲಿನ ಸಿಪ್ಪೆಯೂ ಬರುತ್ತದೆ.